ಕೈ ಹಾಕಬೇಡಿ, ನಕ್ಷೆಗೆ ಹೋಗಿ

ಪದ್ಮನಾಭ ಮೇಷ್ಟ್ರು ನಮ್ಮ ಯಾರ ಕಂಪ್ಯೂಟರಿನ ಮುಂದೆ ಬಂದು ನಿಂತರೂ ಮೊದಲು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಕತ್ತು ಮಾತ್ರ ಮುಂದೆ ಚಾಚಿ, ಪರದೆಯ ಮೇಲಿನ ಸಾಲುಗಳನ್ನು ಓದುವರು. ತಪ್ಪು ಕಣ್ಣಿಗೆ ಬಿದ್ದರೂ ಕೈ ಬಿಚ್ಚುತ್ತಿರಲಿಲ್ಲ, ಗದ್ದದಿಂದಲೇ ತೋರಿಸುವರು. ತಿದ್ದೋಣವೆಂದು ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಸಾಕು, "ಅಲ್ಲಲ್ಲಲ್ಲ, ಇಲ್ಲಿ ಬೇಡಮ್ಮ. ನಕ್ಷೆಗೆ ಹೋಗು" ಅನ್ನುವರು.

ಈ "ನಕ್ಷೆಗೆ ಹೋಗು" ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದುಹೋಗಿತ್ತು. ಊಟದ ಡಬ್ಬಿ ಬಿಚ್ಚುವಾಗಲೂ ಆ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಇಷ್ಟೆಲ್ಲ ವರ್ಷ ಕಳೆದ ಮೇಲೆ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೊದಲು ನೆನಪಾಗುವುದು ನನಗೆ ಬರುತ್ತಿದ್ದ ಸಿಟ್ಟೇ. ಏನು ಮಾಡಲಿ, ಮನುಷ್ಯ ಇದ್ದದ್ದೇ ಹಾಗೆ.

ತೊಂಬತ್ತರ ದಶಕದಲ್ಲಿ ನಾನು ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಕೋಲಾರಕ್ಕೆ ಪಾಲಿಟೆಕ್ನಿಕ್ ಓದಲು ಬರುತ್ತಿದ್ದೆ. ಅಲ್ಲಿ ನನಗೆ ಕಂಪ್ಯೂಟರ್ ಪಾಠ ಹೇಳಿದವರು ಅವರು. ಮುಳಬಾಗಿಲಿನವರು. ಅವರ ತಾತ, ಮುತ್ತಾತ ಶ್ಯಾನುಭೋಗಿಕೆ ಮಾಡಿದ್ದವರಂತೆ. ಇವರು ಮಾತ್ರ ಯಾವ ಲೆಕ್ಕಕ್ಕೂ ಸಿಕ್ಕದ ಮನುಷ್ಯ. ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸು ಹಾಕಿಕೊಂಡು ಬಂದು, ದಿನವಿಡೀ ಹಾಗೇ ಓಡಾಡಿ, ಹಾಗೇ ಮುಳಬಾಗಿಲಿನ ಬಸ್ಸು ಹತ್ತುವರು. ಎರಡು ಸಾವಿರದ ಆಸುಪಾಸಿನಲ್ಲಿ ನಾರಾಯಣ ರೆಡ್ಡಿಯವರು ಕೋಲಾರದಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿ ತೆರೆದು, ಮೇಷ್ಟ್ರನ್ನು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಮೇಷ್ಟ್ರು ನನ್ನನ್ನೂ ಕರೆಸಿಕೊಂಡರು. ಕೆಳಗೆ ಬೇಕರಿ, ಮೇಲೆ ನಾವು. ಬೆಳಗ್ಗೆಯಿಂದ ಸಂಜೆಯವರೆಗೂ ಬನ್ನಿನ ವಾಸನೆಯಲ್ಲೇ ಕೆಲಸ.

ಅವರ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಬೇರೆ ಕಡೆಗಳಲ್ಲಿ ಪ್ರೋಗ್ರಾಮನ್ನು ಜನ ಕೂತು ಸಾಲು ಸಾಲಾಗಿ ಬರೆಯುತ್ತಾರೆ. ಮೇಷ್ಟ್ರ ಕಚೇರಿಯಲ್ಲಿ ಹಾಗಿಲ್ಲ. ನಾವು ಕಂಪ್ಯೂಟರಿನಲ್ಲಿ ನಕ್ಷೆ ಬರೆಯಬೇಕು. ಒಂದು ಚೌಕ, ಅದರೊಳಗೆ 'ಹಸು'. ಇನ್ನೊಂದು ಚೌಕ, ಅದರೊಳಗೆ 'ರೈತ'. ನಡುವೆ ಒಂದು ಗೆರೆ. ಮೇಷ್ಟ್ರ ಜೀವವೆಲ್ಲ ಇದ್ದದ್ದು ಈ ಚೌಕ, ಗೆರೆಗಳ ಪಕ್ಕದಲ್ಲಿ ಹಾಕುವ ಪುಟ್ಟ ಪುಟ್ಟ ಟಿಪ್ಪಣಿಗಳಲ್ಲಿ. ಹಸುವಿನ ಕಿವಿಯ ನಂಬರಿನ ಪಕ್ಕ 'ಕಡ್ಡಾಯ'. ಅದರ ಕೆಳಗೆ 'ಇನ್ನೊಂದಕ್ಕೆ ಇರಕೂಡದು'. ಗೆರೆಯ ತುದಿಯಲ್ಲಿ 'ಒಬ್ಬರೇ'. ಅವರೇ ಬರೆದಿಟ್ಟಿದ್ದ ಒಂದು ಪ್ರೋಗ್ರಾಮು ಈ ನಕ್ಷೆಯನ್ನೂ ಟಿಪ್ಪಣಿಗಳನ್ನೂ ಓದಿಕೊಂಡು, ಬೇಕಾದ ಕೋಡನ್ನೆಲ್ಲ ತಾನೇ ಬರೆದು ಹಾಕುತ್ತಿತ್ತು. ಅದನ್ನು ನಾವು 'ಯಂತ್ರ' ಅನ್ನುತ್ತಿದ್ದೆವು. ಒಂದು ಟಿಪ್ಪಣಿ ಬದಲಾಯಿಸಿ ಯಂತ್ರ ಓಡಿಸಿದರೆ ಅದು ಹಳೆಯದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವುದು. ಹಾಗಾಗಿ ಅದು ಬರೆದ ಕೋಡಿನಲ್ಲಿ ನೀವು ಕೈಯಾರೆ ಏನಾದರೂ ತಿದ್ದಿದ್ದರೆ, ಮುಂದಿನ ಸಲ ಯಂತ್ರ ಓಡಿದಾಗ ನಿಮ್ಮ ತಿದ್ದುಪಡಿ ಗುಳುಂ.

ಅದಕ್ಕೇ ಯಂತ್ರ ಬರೆಯುವ ಪ್ರತಿಯೊಂದು ಕಡತದ ನೆತ್ತಿಯ ಮೇಲೂ ಒಂದು ಸಾಲು ತಾನಾಗಿ ಬೀಳುವಂತೆ ಮೇಷ್ಟ್ರು ಮಾಡಿದ್ದರು. ಇಂಗ್ಲಿಷ್ ಅಕ್ಷರ, ಕನ್ನಡ ಮಾತು: "ಯಾರೂ ಕೈ ಹಾಕಬೇಡಿ. ನಕ್ಷೆಗೆ ಹೋಗಿ."

ನಮ್ಮ ಜೊತೆ ಸಾದಿಕ್ ಅಂತ ಒಬ್ಬ ಇದ್ದ. ಅವನೂ ಮುಳಬಾಗಿಲಿನವನೇ, ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. "ಕೋಡು ಮಡೀಲೈತೆ, ಯಾರೂ ಮುಟ್ಬೇಡ್ರಪ್ಪಾ" ಅಂತ ಮೇಷ್ಟ್ರ ಎದುರಿಗೇ ಕೂಗುತ್ತಿದ್ದ. ಮೇಷ್ಟ್ರು ಕೆಳಗಿನ ಬೇಕರಿಯ ಮೊಟ್ಟೆ ಪಫ್ಸ್ ತಿನ್ನುತ್ತಾ, ಮೀಸೆಯ ಮೇಲಿನ ಚೂರು ಒರೆಸಿಕೊಳ್ಳುತ್ತಾ ನಗುವರು. "ಮನೇಲಿ ಮಡಿ ಬಿಟ್ಟಾಯ್ತು ಕಣೋ. ಎಲ್ಲಾದ್ರೂ ಒಂದ್ ಕಡೆ ಇಟ್ಕೋಬೇಕಲ್ಲ?" ಅನ್ನುವರು. ಆದರೆ ತಮಾಷೆ ಅಲ್ಲಿಗೇ ಮುಗಿಯುತ್ತಿತ್ತು. ಯಾರಾದರೂ ನಿಜವಾಗಿ ಕೋಡು ಮುಟ್ಟಿದ್ದು ತಿಳಿದರೆ ಅವತ್ತೆಲ್ಲ ಮಾತಿಲ್ಲ, ಕತೆಯಿಲ್ಲ.

ಮಾಲೂರು ಕಡೆಯ ಒಂದು ಖಾಸಗಿ ಡೈರಿಗೆ ನಾವು ಹಸುಗಳ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಯಾವ ಹಸು ಯಾರದು, ಯಾವಾಗ ಲಸಿಕೆ ಹಾಕಿದ್ದು, ಯಾವಾಗ ಕರು ಹಾಕಿತು, ಎಲ್ಲ ಅದರಲ್ಲಿ. ರೈತ ಡೈರಿಗೆ ಫೋನ್ ಮಾಡಿ ಹಸುವಿನ ಕಿವಿ ನಂಬರು ಹೇಳಿದರೆ, ಅಲ್ಲಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ಹಸು ಅವನದೇ ಅಂತ ತೋರಿಸಿದರೆ ದನದ ಡಾಕ್ಟರನ್ನು ಕಳಿಸುತ್ತಿದ್ದಳು. ಒಂದು ದಿನ ಡೈರಿಯ ಮ್ಯಾನೇಜರು ಫೋನ್ ಮಾಡಿ, ರೈತರಿಗೆ ಕೊಡುವ ಹಸುವಿನ ಚೀಟಿಯಲ್ಲಿ ಊರಿನ ಹೆಸರು ಬರುತ್ತಿಲ್ಲ, ಹತ್ತು ನಿಮಿಷದಲ್ಲಿ ಸರಿ ಮಾಡಿ ಅಂದರು. ಕೋಡಿನಲ್ಲಾದರೆ ಒಂದು ಸಾಲಿನ ಕೆಲಸ. ಮೇಷ್ಟ್ರು ನನ್ನನ್ನು ನಕ್ಷೆಗೆ ಕಳಿಸಿದರು. ಅಲ್ಲಿ ಟಿಪ್ಪಣಿ ಹಾಕಿಸಿದರು, ಹಾಕಿದ್ದು ಸರಿಯಾದ ಗೆರೆಯ ಮೇಲಿದೆಯೇ ನೋಡಿದರು, ಯಂತ್ರ ಓಡಿಸಿದರು, ಬಂದದ್ದನ್ನೆಲ್ಲ ಮತ್ತೆ ಪರೀಕ್ಷೆ ಮಾಡಿಸಿದರು. ಅಷ್ಟರಲ್ಲಿ ಸಂಜೆಯ ಕಾಫಿ ಬಂತು. ಮ್ಯಾನೇಜರು ಫೋನ್ ಮೇಲೆ ಫೋನ್ ಮಾಡಿ ಬೈದದ್ದೆಲ್ಲ ನನ್ನ ಕಿವಿಗೆ. ಮೇಷ್ಟ್ರು ಕಾಫಿ ಆರಿಸಿಕೊಳ್ಳುತ್ತಾ ನಮ್ಮ ಮನೆಯ ತೆಲುಗಿನಲ್ಲೇ ನನ್ನನ್ನು ಸಮಾಧಾನ ಮಾಡಿದರು: "ತೊಂದರ ಪಡೊದ್ದಮ್ಮಾ." ಅವಸರ ಬೇಡವಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅವತ್ತು ಕೇಳಿಯೇಬಿಟ್ಟೆ. ಒಂದು ಸಾಲಿಗೆ ಇಷ್ಟು ಸರ್ಕಸ್ಸು ಯಾಕೆ ಸಾರ್ ಅಂತ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ತೇಪೆ ಹಾಕಿದ್ದು ಎಲ್ಲಿ ಅಂತ ಹಾಕಿದೋರಿಗೆ ಮಾತ್ರ ಗೊತ್ತಿರ್ತದೆ ಭಾಗ್ಯ. ಅವರು ಕೆಲಸ ಬಿಟ್ಟ ಮಾರನೇ ದಿನ ಅದು ಯಾರಿಗೂ ಗೊತ್ತಿಲ್ಲ. ನಕ್ಷೇಲಿದ್ರೆ ಯಾರ್ ಬೇಕಾದ್ರೂ ನೋಡಿ ತಿಳ್ಕೋಬಹುದು. ನಾನಿಲ್ದಿದ್ರೂ." ಆ ಯಂತ್ರ ಉಳಿಯಬೇಕು, ನಕ್ಷೆ ಬೇರೆ ಕೋಡು ಬೇರೆ ಆಗಬಾರದು, ಇಷ್ಟೇ ಆ ಮನುಷ್ಯನ ಆಸೆ. ಮದುವೆ ಮಾಡಿಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ, ಹೊತ್ತು ಮೆರೆಸಿದ್ದು ಅದೊಂದನ್ನೇ.

ಹೀಗಿರುವಾಗ ಮಾಸ್ತಿಯ ಹತ್ತಿರದ ಒಂದು ಹಳ್ಳಿಯ ಮುನಿಯಮ್ಮ ಅನ್ನುವ ಹೆಂಗಸು ಡೈರಿಗೆ ಬಂದು ಜಗಳ ತೆಗೆದಳು. ಅವಳ ಸೀಮೆಹಸುವಿಗೆ ಕೆಚ್ಚಲು ಬಾತು ಫೋನ್ ಮಾಡಿಸಿದರೆ, ಹಸು ನಿನ್ನ ಹೆಸರಿನಲ್ಲಿಲ್ಲ ಅಂತ ಡಾಕ್ಟರನ್ನು ಕಳಿಸಲಿಲ್ಲವಂತೆ. ಹಸು ಬದುಕಿತು, ಒಂದು ಮೊಲೆ ಹೋಯಿತು. ಡೈರಿಯವರು ರೆಡ್ಡಿಯವರ ಮೇಲೆ ಹಾರಾಡಿದರು. ರೆಡ್ಡಿಯವರು ನಮ್ಮ ಮೇಲೆ ಹಾರಾಡಿದರು. ಮೇಷ್ಟ್ರು ಮಾರನೇ ದಿನ ಬೆಳಗ್ಗೆ ನನ್ನನ್ನು ಕರೆದುಕೊಂಡು ಮಾಲೂರಿಗೆ ಹೋಗಿ ಅಲ್ಲಿಂದ ಮಾಸ್ತಿ ಬಸ್ಸು ಹತ್ತಿದರು.

ಮುನಿಯಮ್ಮನ ಕೊಟ್ಟಿಗೆಯಲ್ಲಿ, ಅವಳು ಹಾಸಿಕೊಟ್ಟ ಗೋಣಿಚೀಲದ ಮೇಲೆ ಕೂತು ಮೇಷ್ಟ್ರು ಕೇಳುತ್ತಾ ಹೋದರು. ಹಸು ಮಾಲೂರಿನ ಒಬ್ಬ ಅಂಗಡಿಯವರದು. ಕೊಂಡುಕೊಂಡವರು ಅವರು, ಪಾಲಿಗೆ ಸಾಕುವವಳು ಇವಳು. ಹುಲ್ಲು, ಬೂಸ, ಸಗಣಿ ಬಾಚುವುದು ಎಲ್ಲ ಇವಳದು, ಹಾಲೂ ಇವಳದೇ. ಕರು ಮಾತ್ರ ಸರದಿಯ ಮೇಲೆ. ನಮ್ಮ ಕಡೆ ಅರ್ಧ ಹಳ್ಳಿ ಹೀಗೇ ಹಸು ಸಾಕುವುದು, ಎಲ್ಲ ಬಾಯಿಮಾತು. ನಕ್ಷೆಯಲ್ಲಿ ನಾವು ಹಸುವಿನಿಂದ ರೈತನಿಗೆ ಗೆರೆ ಎಳೆದು 'ಒಬ್ಬರೇ' ಅಂತ ಟಿಪ್ಪಣಿ ಹಾಕಿದ್ದೆವು. ಡೈರಿಯವರು ಹಾಗೇ ಹೇಳಿದ್ದರು.

"ಮೊದಲ್ನೇ ಕರ ಅವರ್ದು, ಎರಡನೇದು ನಮ್ದು ಸ್ವಾಮಿ" ಅಂದಳು ಮುನಿಯಮ್ಮ. "ಮೊದಲ್ನೇದು ಹೋದ ವರ್ಷ ಹಿಡ್ಕೊಂಡ್ ಹೋದ್ರು. ಈಗ ಗಬ್ಬ ಐತೆ. ಇದು ನಮ್ದು."

"ಗಂಡು ಕರ ಆದ್ರೆ?" ಅಂದರು ಮೇಷ್ಟ್ರು.

"ಸೀಮೆ ಹೋರಿ ಯಾರಿಗ್ ಬೇಕು ಸ್ವಾಮಿ? ಅದು ಲೆಕ್ಕಕ್ಕಿಲ್ಲ. ಹೆಣ್ ಕರಕ್ಕೇ ಸರದಿ."

ಮೇಷ್ಟ್ರ ಮುಖ ನೋಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ಮಾಲೀಕ ಒಂದು ಗೆರೆ, ಸಾಕುವವರು ಇನ್ನೊಂದು ಗೆರೆ, ಕರುವಿನ ಪಕ್ಕ 'ಸರದಿ' ಅಂತ ಟಿಪ್ಪಣಿ, ಅದಕ್ಕೆ 'ಹೆಣ್ಣಿಗೆ ಮಾತ್ರ' ಅಂತ ಇನ್ನೊಂದು. ಹಸು ಕರು ಹಾಕಿದ ಕೂಡಲೇ ಅದು ಯಾರ ಹೆಸರಿಗೆ ಹೋಗಬೇಕೋ ತಾನಾಗಿ ಅವರಿಗೆ ಹೋಗುತ್ತದೆ, ಯಾರೂ ಯಾರ ಬಾಯಿ ನೋಡಬೇಕಾಗಿಲ್ಲ ಕಣಮ್ಮ, ಅನ್ನುತ್ತಿದ್ದರು. ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಗೊಂದಲ ಶುರುವಾದದ್ದು ಅಲ್ಲಿಂದಲೇ. 'ಸರದಿ' ಅನ್ನುವ ಟಿಪ್ಪಣಿ ಯಂತ್ರಕ್ಕೆ ಹೊಸದು. ಅದನ್ನು ಓದುವುದನ್ನು ಯಂತ್ರಕ್ಕೆ ಕಲಿಸಬೇಕಿತ್ತು. ಸಾಕುವವರ ಫೋನಿಗೂ ಡಾಕ್ಟರನ್ನು ಕಳಿಸುವ ಕೆಲಸ ಸುಲಭದ್ದು, ಒಂದು ಗೆರೆ, ಒಂದು ಟಿಪ್ಪಣಿ. ನಾನು ಬಡಕೊಂಡೆ. ಸಾರ್, ಕರು ಹುಟ್ಟುವುದಕ್ಕೆ ಇನ್ನೂ ತಿಂಗಳುಗಳಿವೆ, ಡಾಕ್ಟರು ಇವತ್ತು ಬೇಕು, ಮೊದಲು ಅದನ್ನು ಕೊಟ್ಟುಬಿಡೋಣ ಅಂದೆ. ಅವರು ಜಗ್ಗಲಿಲ್ಲ. ಎರಡೂ ಒಂದೇ ಪಾಲಿನ ಮಾತು, ಅರ್ಧ ಬರೆದ ನಕ್ಷೆ ಸುಳ್ಳು ನಕ್ಷೆ, ಕೊಟ್ಟರೆ ಪೂರ್ತಿ ಕೊಡುತ್ತೇನೆ ಅಂದರು. ಸರಿ, ಗೋಡೆಗೆ ತಲೆ ಚಚ್ಚಿಕೊಳ್ಳುವುದಕ್ಕಿಂತ ಸುಮ್ಮನಿರುವುದು ಮೇಲು ಅಂತ ನನ್ನ ಜಾಗಕ್ಕೆ ಬಂದು ಕೂತೆ.

ರೆಡ್ಡಿಯವರು ಎಷ್ಟು ದಿನ ತಡೆದಾರು? ಮೇಷ್ಟ್ರು ಅಣ್ಣನ ಮನೆಯ ತಿಥಿಗೆಂದು ಊರಿನಲ್ಲೇ ಉಳಿದಿದ್ದ ದಿನ ಸಾದಿಕ್‌ನನ್ನು ಒಳಗೆ ಕರೆದು, ಕೋಡಿನಲ್ಲೇ ಸರಿ ಮಾಡು ಅಂದರು. ಅವನು ಮಧ್ಯಾಹ್ನದೊಳಗೆ ಮಾಡಿ ಮುಗಿಸಿದ. ಯಾರೇ ಆಗಲಿ ಕಿವಿ ನಂಬರು ಹೇಳಿದರೆ ಡಾಕ್ಟರು ಹೋಗುವ ಹಾಗಾಯಿತು. ಡೈರಿಯವರಿಗೆ ಸಂತೋಷವೋ ಸಂತೋಷ. ರೆಡ್ಡಿಯವರು ಎಲ್ಲರಿಗೂ ಪಫ್ಸ್ ತರಿಸಿದರು. ನೀವ್ಯಾರೂ ಬಾಯಿ ಬಿಡಬೇಡಿ, ಮೇಷ್ಟ್ರಿಗೆ ನಾನೇ ಹೇಳುತ್ತೇನೆ ಅಂದಿದ್ದವರು ಹೇಳಲಿಲ್ಲ. ಸಾದಿಕ್ ನಾಲ್ಕು ಸಲ ನೆನಪು ಮಾಡಿದ, ಹೇಳ್ತೀನಯ್ಯಾ ಅಂದರು, ಅಷ್ಟೇ.

ವಾರ ಕಳೆದಿರಬೇಕು, ಡೈರಿಯವರು ಹೊಸದೊಂದು ಲಸಿಕೆಯ ಹೆಸರು ಸೇರಿಸಲು ಹೇಳಿದರು. ಮೇಷ್ಟ್ರು ನಕ್ಷೆಗೆ ಹೋದರು, ಟಿಪ್ಪಣಿ ಹಾಕಿದರು, ಯಂತ್ರ ಓಡಿಸಿದರು. ಸಾದಿಕ್‌ನ ತೇಪೆ ಹೇಳಹೆಸರಿಲ್ಲದೆ ಹೋಯಿತು. ಅವತ್ತು ಪಾಲಿನ ಹಸು ಸಾಕುವವರ ಫೋನುಗಳೆಲ್ಲ ಮತ್ತೆ ವಾಪಸು. ಟೇಕಲ್ ಕಡೆ ಒಂದು ಹಸು ಡಾಕ್ಟರಿಲ್ಲದೆ ಸತ್ತೇಹೋಯಿತು.

ಮ್ಯಾನೇಜರು ಜೀಪಿನಲ್ಲಿ ಬಂದರು. ಅವರ ಎದುರಿಗೆ ರೆಡ್ಡಿಯವರು ಮೇಷ್ಟ್ರಿಗೆ, ನಿಮ್ಮ ಯಂತ್ರ ನುಂಗಿಬಿಟ್ಟಿತಲ್ಲ ಸ್ವಾಮಿ ಅಂದರು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. "ನುಂಗೋದಕ್ಕೆ ಅಲ್ಲಿ ಏನಿತ್ತು?" ಅಂತ ಕೇಳಿದರು. ಸಾದಿಕ್ ಎದ್ದು ನಿಂತು, ನಾನೇ ಕೈ ಹಾಕಿದ್ದು ಸಾರ್ ಅಂದ. ರೆಡ್ಡಿಯವರು ಕಿಟಕಿಯ ಕಡೆ ತಿರುಗಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಮಾಡಿಸಿದವರು ನೀವು, ಹೇಳದೇ ಇದ್ದವರು ನೀವು ಅಂತ ಮ್ಯಾನೇಜರ ಎದುರಿಗೇ ಅಂದೆ. ನಕ್ಷೆಯಲ್ಲಿ ಸರದಿ ಇನ್ನೇನು ಬರುವುದರಲ್ಲಿದೆ, ಇನ್ನೊಂದು ವಾರ ತಡೆಯಿರಿ ಅಂತಲೂ ಅಂದೆ. ರೆಡ್ಡಿಯವರು, ನೀನು ಕೂತ್ಕೋಮ್ಮ ಅಂದರು. ಅವತ್ತಿನಿಂದ ಯಂತ್ರ ನಿಂತಿತು. ಇನ್ನು ಮೇಲೆ ಎಲ್ಲ ಕೈಯಲ್ಲೇ.

ಮೇಷ್ಟ್ರು ಕೂಗಾಡಲಿಲ್ಲ. ಸಾದಿಕ್‌ನ ಬೆನ್ನು ತಟ್ಟಿದರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು ರೆಡ್ಡಿಯವರಿಗೆ ಒಂದೇ ಮಾತು ಹೇಳಿದರು.

"ಆ ಮೇಲಿನ ಸಾಲು ತೆಗೆಸಿಬಿಡಿ. ಇನ್ಮೇಲೆ ಅದು ಸುಳ್ಳಾಗ್ತದೆ."

ಆಮೇಲೆ ಅವರು ಕಚೇರಿಗೆ ಬರಲಿಲ್ಲ. ಸಾದಿಕ್ ತನ್ನ ತೇಪೆಯನ್ನು ಮತ್ತೆ ಹಾಕಿದ. ಸರದಿಯ ಮಾತನ್ನು ನಾನು ಎತ್ತಿದಾಗಲೆಲ್ಲ ರೆಡ್ಡಿಯವರು ಮುಂದೆ ನೋಡೋಣ ಅಂದರು. ಆ ಮುಂದೆ ಬರುವ ಮೊದಲೇ ಮುನಿಯಮ್ಮನ ಹಸು ಈಯಿತು. ಹೆಣ್ಣು ಕರು, ಕಪ್ಪು ಬಿಳುಪು. ಡಾಕ್ಟರು ಬಂದು ಕಿವಿಗೆ ನಂಬರು ಹೊಡೆದು ಹೋದರು. ನಮ್ಮ ಸಾಫ್ಟ್‌ವೇರು, ಹಸು ಯಾರದೋ ಕರು ಅವರದು ಅಂತ ಮಾಲೂರಿನ ಅಂಗಡಿಯವರ ಹೆಸರಿಗೆ ಬರೆದುಕೊಂಡಿತು. ಮೊದಲ ಕರು ಹಿಡಿದುಕೊಂಡು ಹೋಗುವಾಗ ಬಾಯಿಮಾತಿಗೆ ನಿಂತಿದ್ದ ಆ ಮನುಷ್ಯ, ಈಗ ಕಂಪ್ಯೂಟರಿನ ಚೀಟಿ ತೋರಿಸಿ, ನೋಡಮ್ಮ, ಇದರಲ್ಲಿ ನನ್ನ ಹೆಸರಿದೆ ಅಂದು, ಟೆಂಪೋ ತಂದು ಕರು ಹತ್ತಿಸಿಕೊಂಡು ಹೋದ. ಮುನಿಯಮ್ಮ ಬೇಕರಿಯ ಮೆಟ್ಟಿಲು ಹತ್ತಿ ನಮ್ಮ ಕಚೇರಿಗೇ ಬಂದಳು. ಕೊಟ್ಟಿಗೆಗೆ ಬಂದು ಕೂತಿದ್ದ ಆ ಸ್ವಾಮಿ ಎಲ್ಲಿ ಅಂತ ಕೇಳಿದಳು. ಇಲ್ಲ ಅಂದೆ. "ಅವರು ಬರ್ಕೊಂಡ್ ಹೋದ್ರಲ್ಲಮ್ಮ, ಎಲ್ಲಾನೂ ಸರಿಯಾಗ್ ಕೇಳಿ ಬರ್ಕೊಂಡ್ ಹೋದ್ರಲ್ಲ" ಅಂತ ಎರಡು ಸಲ ಅಂದಳು. ನಾನು ಹೆಸರು ಬದಲಾಯಿಸಿ ಕೊಡುವಷ್ಟರಲ್ಲಿ ಕರು ಆಂಧ್ರದ ಸಂತೆ ದಾಟಿಹೋಗಿತ್ತು.

ಅದಾದ ಮರುವರ್ಷ ಮುಳಬಾಗಿಲಿಗೆ ಒಂದು ಮದುವೆಗೆ ಹೋದವಳು ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಮರದ ಕುರ್ಚಿಯಲ್ಲಿ ಕೂತಿದ್ದರು. ತುಂಬಾ ಇಳಿದುಹೋಗಿದ್ದರು. ಕಾಲಲ್ಲಿ ಅದೇ ಎರಡು ಬಣ್ಣದ ಸಾಕ್ಸು. ಅತ್ತಿಗೆಯವರು ಕಾಫಿ ತಂದಿಟ್ಟರು. ಮೇಷ್ಟ್ರು ರೆಡ್ಡಿಯವರನ್ನು ಕೇಳಲಿಲ್ಲ, ಕಚೇರಿಯನ್ನು ಕೇಳಲಿಲ್ಲ. ಮೊದಲು ಕೇಳಿದ್ದೇ, ಮುನಿಯಮ್ಮನ ಹಸು ಏನಾಯ್ತಮ್ಮ ಅಂತ. ಇದ್ದದ್ದು ಇದ್ದ ಹಾಗೆ ಹೇಳಿದೆ. ಟೆಂಪೋ ವಿಷಯವನ್ನೂ ಹೇಳಿದೆ. ಕೂತಲ್ಲೇ ಅವರ ಎರಡೂ ಕೈಗಳು ಬೆನ್ನ ಹಿಂದೆ ಹೋದವು.

"ಡಾಕ್ಟ್ರ ಫೋನಿಂದು ಮೊದಲು ಕೊಟ್ಟುಬಿಡಬೇಕಿತ್ತು" ಅಂದರು. "ನೀನು ಹೇಳಿದ್ದೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈಗ ಯಾಕೆ ಸಾರ್ ಹೇಳ್ತೀರ, ಅವತ್ತು ಹೇಳಿದ್ರೆ ನಿಮ್ಮ ಯಂತ್ರವೂ ಉಳೀತಿತ್ತು, ಅವಳ ಕರುವೂ ಉಳೀತಿತ್ತು ಅಂದುಬಿಟ್ಟೆ. ಅವರು ಹೂಂ ಅಂದರು. ಆಮೇಲೆ, ಆ ಸಾಲು ತೆಗೆದ್ರಾ ಅಂತ ಕೇಳಿದರು. ಇಲ್ಲ ಸಾರ್, ಯಾರಿಗೂ ಪುರುಸೊತ್ತಿಲ್ಲ ಅಂದೆ. "ಹಾಗಾದ್ರೆ ದಿನಾ ಯಾರೋ ಒಬ್ರು ಓದಿ ನನ್ನ ಬೈಕೋತಿರ್ತಾರೆ" ಅಂದರು. ನಾನೇ ಬೈಯೋದು ಸಾರ್ ಅಂದೆ. ಆಗ ನಕ್ಕರು. ಮುಂದಿನ ಬೇಸಿಗೆಗೆ ಅವರು ಹೋದರು. ಸುದ್ದಿ ತಂದವನು ಸಾದಿಕ್. ಅವನಿಗಿಂತ ಜೋರಾಗಿ ಅವತ್ತು ಕಚೇರಿಯಲ್ಲಿ ಯಾರೂ ಅಳಲಿಲ್ಲ.

ಸಾದಿಕ್ ಈಗ ಕೆಲಸ ಬಿಟ್ಟಿದ್ದಾನೆ. ಅವನ ತೇಪೆ ಎಲ್ಲೆಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅದರ ಮೇಲೆ ಎಷ್ಟು ಜನ ಎಷ್ಟು ತೇಪೆ ಹಾಕಿದ್ದಾರೋ ಅದೂ ಗೊತ್ತಿಲ್ಲ. ಕಚೇರಿ ಬೇಕರಿಯ ಮೇಲಿಂದ ಬೇರೆ ಕಟ್ಟಡಕ್ಕೆ ಹೋಗುವಾಗ ನಕ್ಷೆ ಇದ್ದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರು, ನಾನು ರಜೆಯಲ್ಲಿದ್ದೆ. ಡೈರಿ ಮಾತ್ರ ಅದೇ ಸಾಫ್ಟ್‌ವೇರ್ ಬಳಸುತ್ತಿದೆ. ಇವತ್ತಿಗೂ ಪಾಲಿಗೆ ಸಾಕಿದ ಹಸು ಹೆಣ್ಣು ಕರು ಹಾಕಿದರೆ ಅದು ಮಾಲೀಕನ ಹೆಸರಿಗೇ ಹೋಗುತ್ತದೆ. ಯಾರಾದರೂ ಫೋನ್ ಮಾಡಿ ಅತ್ತರೆ ಆ ಒಂದು ಕರುವಿನ ಹೆಸರನ್ನು ನಾನು ಕೈಯಲ್ಲಿ ಬದಲಾಯಿಸುತ್ತೇನೆ. ಫೋನ್ ಮಾಡದವರದು ಹೋಯಿತು.

ನಿನ್ನೆ ಶಿವಾರಪಟ್ಟಣದ ಕಡೆಯಿಂದ ಒಬ್ಬಳು ಫೋನ್ ಮಾಡಿದ್ದಳು. ಅವಳದೂ ಎರಡನೇ ಕರು, ಅವಳ ಸರದಿ. ಈ ಸಲ ಬೇರಿನಲ್ಲೇ ಸರಿ ಮಾಡೋಣ ಅಂತ ಹಟ ಹಿಡಿದು ಕಡತ ತೆರೆದೆ. ನೆತ್ತಿಯ ಮೇಲೆ ಅದೇ ಸಾಲು. ಯಾರೂ ಕೈ ಹಾಕಬೇಡಿ, ನಕ್ಷೆಗೆ ಹೋಗಿ. ಅದರ ಕೆಳಗೆ ಯಾರ್ಯಾರದೋ ಕೈ, ಎಲ್ಲಿಂದ ಎಲ್ಲಿಗೆ ಏನು ಅಂತ ತಲೆಬುಡ ತಿಳಿಯದ ಕೋಡು. ಎಷ್ಟೋ ಹೊತ್ತು ಕೈ ಕಟ್ಟಿಕೊಂಡು ನೋಡುತ್ತಾ ಕೂತೆ.

ಯಾವ ನಕ್ಷೆಗೆ ಹೋಗ್ಲಿ ಸಾರ್?